ದೇವರ ಹೆಸರು, ದೇವರ ಗುರುತು: ಫಲಕ ಬರೆಸುವವರು, ಕಾರ್ಡು ಅಚ್ಚು ಹಾಕಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಗೋಡೆಗೊಂದು ಸರ್ವಧರ್ಮ ಫಲಕ, ಸಮುದಾಯ ಭವನದ ಬಾಗಿಲಿಗೆ ಜಾಲರಿ ಕೆತ್ತನೆ, ಮದುವೆ ಕಾರ್ಡಿನ ನೆತ್ತಿಗೊಂದು ಚಿಹ್ನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪೇಂಟರು, ಡಿಟಿಪಿಯವರು, ಮರಗೆಲಸದವರಿಗೆ ಇವು ದಿನಬೆಳಗಾದರೆ ಬರುವ ಕೆಲಸ. ಇದರಲ್ಲಿ ಬೇಕೆಂದೇ ತಪ್ಪು ಮಾಡುವವರು ಅಪರೂಪ. ಸ್ಟೆನ್ಸಿಲ್ ಉಲ್ಟಾ ಹಿಡಿದಿರುತ್ತಾರೆ, ಫಾಂಟ್ ಒಡೆದಿರುತ್ತದೆ, ಇಲ್ಲವೇ ಹೆಸರು ಯಾವುದು, ಗುರುತು ಯಾವುದು ಎಂಬುದೇ ಕಲಸಿಹೋಗಿರುತ್ತದೆ. ಉತ್ತರಗಳನ್ನು ಬರೆದದ್ದು ಆ ಕೆಲಸ ಮಾಡುವವರಿಗಾಗಿ.

ಹೆಸರು ಬೇರೆ, ಗುರುತು ಬೇರೆ ಎಂದರೆ ಏನು?

ಓಂ ಉಚ್ಚರಿಸುವ ನಾದ, ಬರೆದರೆ ಗುರುತೂ ಹೌದು. ಅಲ್ಲಾಹ್ ಎಂಬುದು ಹೆಸರು. ಅರ್ಧಚಂದ್ರ ಹೆಸರಲ್ಲ, ದೇವರ ಗುರುತೂ ಅಲ್ಲ, ಒಂದು ಸಮುದಾಯದ ಬಾವುಟಕ್ಕೆ ಬಂದ ಚಿಹ್ನೆ. ಶಿಲುಬೆ ಒಂದು ಘಟನೆಯ ಗುರುತು. ದಾವೀದನ ನಕ್ಷತ್ರ ಯೆಹೂದಿ ಜನರ ಗುರುತು. ಬೌದ್ಧರ ಧರ್ಮಚಕ್ರ ಒಂದು ಬೋಧನೆಯ ಗುರುತು. ಅಲ್ಲಿ ಸೃಷ್ಟಿಕರ್ತನಾದ ದೇವರ ಮಾತೇ ಇಲ್ಲ. ಹೀಗಿರುವಾಗ ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೇಲೆ ‘ದೇವರ ನಾಮಗಳು’ ಎಂದು ಬರೆದರೆ ಅರ್ಧ ಫಲಕ ತಪ್ಪಾಗುತ್ತದೆ. ‘ಧರ್ಮಗಳ ಚಿಹ್ನೆಗಳು’ ಎಂದು ಬರೆಯಿರಿ, ಯಾರ ತಕರಾರೂ ಇರುವುದಿಲ್ಲ.

‘ದೇವರು’ ಏಕವಚನವೋ ಬಹುವಚನವೋ? ಗೋಡೆ ಮೇಲೆ ‘ದೇವರು ದೊಡ್ಡವನು’ ಎಂದು ಬರೆದರೆ ವ್ಯಾಕರಣ ತಪ್ಪಲ್ಲವೇ?

ತಪ್ಪಲ್ಲ. ಕನ್ನಡದಲ್ಲಿ ಈ ಒಂದು ಪದ ಯಾವ ಹಗ್ಗಕ್ಕೂ ಕಟ್ಟಿಸಿಕೊಂಡಿಲ್ಲ. ‘ದೇವರು ಕೊಟ್ಟ’ ಎನ್ನುತ್ತೇವೆ, ‘ದೇವರು ನೋಡ್ಕೋತಾರೆ’ ಎನ್ನುತ್ತೇವೆ, ಜಾತ್ರೆಯಲ್ಲಿ ‘ದೇವ್ರು ಬಂತು, ದಾರಿ ಬಿಡಿ’ ಎನ್ನುತ್ತೇವೆ. ಪುಲ್ಲಿಂಗ, ಗೌರವದ ಬಹುವಚನ, ನಪುಂಸಕ ಮೂರೂ ಸರಿ. ರೂಪ ಬಹುವಚನದ್ದು, ಕ್ರಿಯಾಪದ ಏಕವಚನದ್ದು. ಹೀಬ್ರೂ ಭಾಷೆಯ ‘ಎಲೋಹಿಮ್’ ಕೂಡ ಇಂಥದ್ದೇ: ಪದದ ರೂಪ ಬಹುವಚನ, ಒಬ್ಬನೇ ದೇವರನ್ನು ಹೇಳುವಾಗ ಕ್ರಿಯಾಪದ ಏಕವಚನ. ಬೈಬಲ್ಲಿನ ಹಳೆಯ ಕನ್ನಡ ಅನುವಾದದಲ್ಲಿ ‘ದೇವರು ಉಂಟುಮಾಡಿದನು’ ಎಂದಿರುವುದು ಮೂಲದ ಆ ನಡೆಗೆ ತಾನಾಗಿಯೇ ಹೊಂದಿಕೊಂಡಿದೆ. ಅರಬ್ಬಿಯ ‘ಅಲ್ಲಾಹ್’ ಪದಕ್ಕೆ ಬಹುವಚನವೂ ಇಲ್ಲ, ಸ್ತ್ರೀಲಿಂಗವೂ ಇಲ್ಲ. ಕನ್ನಡದಲ್ಲಿ ಬರೆಯುವ ಮುಸ್ಲಿಮರು ಸಾಮಾನ್ಯವಾಗಿ ‘ಅಲ್ಲಾಹನು’ ಎಂದು ಏಕವಚನದಲ್ಲೇ ಬರೆಯುತ್ತಾರೆ. ಅಗೌರವವಾದೀತೆಂದು ನೀವಾಗಿ ‘ಅಲ್ಲಾಹರು’ ಎಂದು ತಿದ್ದಬೇಡಿ.

ಓಂಕಾರವನ್ನು ಕನ್ನಡದಲ್ಲಿ ಬರೆಯಬೇಕೋ ನಾಗರಿಯಲ್ಲೋ?

ಎರಡೂ ನಡೆಯುತ್ತದೆ. ನಾದಕ್ಕೆ ಲಿಪಿಯ ಹಂಗಿಲ್ಲ. ತಮಿಳು, ಟಿಬೆಟನ್ ಲಿಪಿಗಳಲ್ಲಿ ಅದಕ್ಕೆ ಬೇರೆಯದೇ ಆಕಾರವಿದೆ, ಜೈನರ ಓಂಕಾರದ ಬರಹವೂ ಬೇರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ದೇವರ ಹೆಸರೇ ಪ್ರಣವೇಶ್ವರ, ಅಂದರೆ ಓಂಕಾರದ ಒಡೆಯ. ಗುಡಿಯ ಎದುರಿನ ಕದಂಬರ ಕಾಲದ ಕಂಬಶಾಸನ ಮಾತ್ರ ಶುರುವಾಗುವುದು ‘ಸಿದ್ಧಂ’, ‘ನಮಶ್ಶಿವಾಯ’ ಎಂಬ ಮಾತುಗಳಿಂದ. 5ನೇ ಶತಮಾನದ ಆ ಬರಹದ ನೆತ್ತಿಯಲ್ಲಿ ಇವತ್ತಿನ ಕಾರ್ಡುಗಳಲ್ಲಿ ಕಾಣುವ ಓಂಕಾರದ ಚಿತ್ರವಿಲ್ಲ.

ಕನ್ನಡದಲ್ಲಿ ಬರೆಯುವಾಗ ಆಗುವ ತಪ್ಪು ಒಂದೇ: ‘ಓ’ ಬದಲು ಹ್ರಸ್ವ ‘ಒ’ ಬಿದ್ದು ‘ಒಂ’ ಆಗುವುದು. ಹಳೆಯ ಫಾಂಟಿನಲ್ಲಿ ಟೈಪಾದ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ದೀರ್ಘದ ಚಿಹ್ನೆ ಉದುರುವುದುಂಟು. ‘ಶ್ರೀ’ ಹೋಗಿ ‘ಶ್ರಿ’ ಆಗುವುದೂ ಹೀಗೆಯೇ. ಅಚ್ಚಿಗೆ ಕಳಿಸುವ ಮೊದಲು ಈ ಎರಡು ಪದಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ನಾಗರಿ ಓಂಕಾರ ಬೇಕಿದ್ದರೆ ಯೂನಿಕೋಡಿನಲ್ಲಿ 0950 ಎಂಬ ಒಂದೇ ಸಂಕೇತವಿದೆ. ‘ಅ’, ಕೊಂಬು, ಚಂದ್ರಬಿಂದು ಬೇರೆ ಬೇರೆ ಜೋಡಿಸಿದರೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಚೆಲ್ಲಾಪಿಲ್ಲಿಯಾಗುತ್ತದೆ.

ಜಾಲರಿ ಕೆಲಸ ಮಾಡುವವರಿಗೊಂದು ಮಾತು. ಮರದ ಹಲಗೆಯಲ್ಲೋ ಕಬ್ಬಿಣದ ಶೀಟಿನಲ್ಲೋ ಆರಪಾರ ಕತ್ತರಿಸುವಾಗ ಓಂಕಾರದ ಬಿಂದು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಹಾಗಾಗಿ ಕೆಳಗೆ ಬಿದ್ದುಹೋಗುತ್ತದೆ. ಬಿಂದುವಿನಿಂದ ಚಂದ್ರರೇಖೆಗೆ, ಚಂದ್ರರೇಖೆಯಿಂದ ದೇಹಕ್ಕೆ ಒಂದೊಂದು ಕೊಂಡಿ ಬಿಡಬೇಕು. ಶೀಟಿಗೆ 3 ಮಿ.ಮೀ. ಕೊಂಡಿ ಸಾಕು, ಮರಕ್ಕೆ 6 ಮಿ.ಮೀ.ಗಿಂತ ಕಡಿಮೆ ಬೇಡ, ಅದೂ ಎಳೆಯ ದಿಕ್ಕಿಗೇ ಇರಲಿ. ಎಳೆಗೆ ಅಡ್ಡಲಾಗಿ ಬಿಟ್ಟ ಸಣ್ಣ ಕೊಂಡಿ ಮೊದಲ ಮಳೆಗಾಲಕ್ಕೇ ಮುರಿಯುತ್ತದೆ.

ಸ್ವಸ್ತಿಕ ಯಾವ ಕಡೆ ತಿರುಗಬೇಕು?

ಹಿಂದೂ ಮತ್ತು ಜೈನ ಬಳಕೆಯಲ್ಲಿ ಬಲಸುತ್ತು. ಅಳತೆ ಹೀಗೆ: ಐದಕ್ಕೆ ಐದು, 25 ಚೌಕ ಹಾಕಿಕೊಳ್ಳಿ. ನಡುವಿನ ಅಡ್ಡಸಾಲು, ನಡುವಿನ ಉದ್ದಸಾಲು ಪೂರ್ತಿ ತುಂಬಿ. ಮೇಲಿನ ತುದಿಯಿಂದ ಬಲಕ್ಕೆ ಎರಡು ಚೌಕ, ಬಲತುದಿಯಿಂದ ಕೆಳಕ್ಕೆ ಎರಡು, ಕೆಳತುದಿಯಿಂದ ಎಡಕ್ಕೆ ಎರಡು, ಎಡತುದಿಯಿಂದ ಮೇಲಕ್ಕೆ ಎರಡು. ಒಟ್ಟು 17 ತುಂಬಿ, 8 ಖಾಲಿ ಉಳಿದಿದ್ದರೆ ಸರಿ. ನಾಲ್ಕು ಚುಕ್ಕೆ ಇಡುವ ರೂಢಿಯವರು ಹೊರಗಿನಿಂದ ಎರಡನೆಯ ಅಡ್ಡಸಾಲು ಮತ್ತು ಉದ್ದಸಾಲು ಕೂಡುವ ಖಾಲಿ ಚೌಕಗಳಲ್ಲಿ ಇಡುತ್ತಾರೆ.

ಉಲ್ಟಾ ಆಗುವುದು ಸ್ಟೆನ್ಸಿಲ್ ಮಗುಚಿದಾಗ, ಗಾಜಿನ ಒಳಮೈಗೆ ಸ್ಟಿಕರ್ ಹಚ್ಚಿದಾಗ, ಅಚ್ಚಿನ ಮೊಳೆ ಕೆತ್ತುವಾಗ. ಸ್ಟೆನ್ಸಿಲ್ಲಿನ ಮೂಲೆಯಲ್ಲಿ ‘ಈ ಬದಿ ಮೇಲೆ’ ಎಂದು ಮಾರ್ಕರಿನಲ್ಲಿ ಬರೆದಿಟ್ಟುಕೊಳ್ಳುವುದು ಸುಲಭದ ಉಪಾಯ. ಎಡಸುತ್ತಿನದು ಯಾವಾಗಲೂ ಅಶುಭ ಎಂದೇನೂ ಅಲ್ಲ. ಬೌದ್ಧರಲ್ಲಿ ಅದು ಸಾಮಾನ್ಯ, ಜಪಾನಿನ ನಕ್ಷೆಗಳಲ್ಲಿ ಬೌದ್ಧ ದೇವಾಲಯಕ್ಕೆ ಅದೇ ಗುರುತು. ತೋಳುಗಳನ್ನು 45 ಡಿಗ್ರಿ ಓರೆ ಮಾಡಿ, ಬಿಳಿ ವೃತ್ತದೊಳಗೆ ಕಪ್ಪು ಬಣ್ಣದಲ್ಲಿ, ಕೆಂಪು ಹಿನ್ನೆಲೆ ಕೊಟ್ಟು ಬರೆಯಬೇಡಿ. ಅದು 1920ರಲ್ಲಿ ನಾಜಿ ಪಕ್ಷ ಎತ್ತಿಕೊಂಡ ರೂಪ. ವಿದೇಶದ ನೆಂಟರಿಗೆ ಹೋಗುವ ಕಾರ್ಡಿನಲ್ಲಿ ನೇರ ನಿಂತ, ಅರಿಸಿನ ಕುಂಕುಮದ ಬಣ್ಣದ, ಚುಕ್ಕೆಯಿರುವ ಸ್ವಸ್ತಿಕವೇ ಲೇಸು.

ಅರಬ್ಬಿಯಲ್ಲಿ ಅಲ್ಲಾಹ್ ಎಂದು ಬರೆದದ್ದು ಸರಿಯಿದೆಯೇ ಎಂದು ಲಿಪಿ ಗೊತ್ತಿಲ್ಲದವರು ನೋಡುವುದು ಹೇಗೆ?

ಬಲದಿಂದ ಎಡಕ್ಕೆ ನೋಡಿ. ಬಲತುದಿಯಲ್ಲಿ ಒಂಟಿಯಾಗಿ ನಿಂತ ಗೆರೆ, ಅದು ಅಲಿಫ್. ಅದು ಪಕ್ಕದ ಅಕ್ಷರಕ್ಕೆ ಅಂಟುವುದಿಲ್ಲ. ನಂತರ ಬುಡದಲ್ಲಿ ಕೂಡಿಕೊಂಡ ಎರಡು ಎತ್ತರದ ಗೆರೆ, ಲಾಮ್ ಮತ್ತು ಲಾಮ್. ಎಡತುದಿಯಲ್ಲಿ ಗಂಟಿನಂಥ ಹಾ, ಅದೂ ಲಾಮ್‌ಗೆ ಅಂಟಿರಬೇಕು. ಎರಡನೆಯ ಲಾಮ್ ಮೇಲೆ ಮೂರು ಹಲ್ಲಿನ ಸಣ್ಣ ಗುರುತು, ಅದರ ಮೇಲೊಂದು ಪುಟ್ಟ ನಿಲುಗೆರೆ ಇರುತ್ತದೆ. ಇಡೀ ಪದದಲ್ಲಿ ಒಂದು ಚುಕ್ಕೆಯೂ ಇಲ್ಲ. ಚುಕ್ಕೆ ಕಂಡರೆ ಏನೋ ಎಡವಟ್ಟಾಗಿದೆ.

ಬಲದಿಂದ ಎಡಕ್ಕೆ ಬರೆಯುವ ಸೌಲಭ್ಯವಿಲ್ಲದ ಹಳೆಯ ಡಿಟಿಪಿ ತಂತ್ರಾಂಶದಲ್ಲಿ ಅಂಟಿಸಿದರೆ ನಾಲ್ಕು ಅಕ್ಷರಗಳೂ ಬಿಡಿಬಿಡಿಯಾಗಿ, ಹಿಂದುಮುಂದಾಗಿ ನಿಲ್ಲುತ್ತವೆ. ನಮ್ಮಲ್ಲಿ ‘ಕ್ಷ’ ಒಡೆದು ಬಿದ್ದಹಾಗೆ. ಮಸೀದಿಯವರಿಂದಲೋ ಬಲ್ಲ ಬರಹಗಾರರಿಂದಲೋ ಬರೆಸಿ, ಅಕ್ಷರವಾಗಿ ಅಲ್ಲದೆ ಚಿತ್ರವಾಗಿ ತರಿಸಿಕೊಳ್ಳಿ. ಅಡ್ಡಡ್ಡ ಎಳೆದು ಹಿಗ್ಗಿಸಬೇಡಿ. ಕಾಲೊರೆಸು, ಕುರ್ಚಿಯ ಹಾಸು, ಕೈಚೀಲದ ತಳ, ಊಟದೆಲೆಯ ಕೆಳಗಿನ ಕಾಗದ ಇಲ್ಲೆಲ್ಲ ಈ ಪದ ಬರಕೂಡದು. ಪಕ್ಕದಲ್ಲಿ ಯಾವ ಮನುಷ್ಯರೂಪವನ್ನೂ ಬರೆಯುವಂತಿಲ್ಲ.

ಹೆಸರುಗಳ ವಿಷಯ: ಪರಂಪರೆಯಲ್ಲಿ 99 ನಾಮಗಳನ್ನು ಎಣಿಸುತ್ತಾರೆ, ಜಪಮಾಲೆಯಲ್ಲಿ 33 ಇಲ್ಲವೇ 99 ಮಣಿ. ‘ರಹಮಾನ್’ ಅವುಗಳಲ್ಲೊಂದು, ‘ಅಬ್ದುಲ್ ರಹಮಾನ್’ ಎಂದರೆ ರಹಮಾನನ ದಾಸ. ಜಾಗ ಸಾಲಲಿಲ್ಲವೆಂದು ಕಾರ್ಡಿನಲ್ಲಿ ‘ಅಬ್ದುಲ್’ ಕಿತ್ತುಹಾಕಿದರೆ ದಾಸನ ಹೆಸರು ಹೋಗಿ ದೇವರ ಹೆಸರು ಉಳಿಯುತ್ತದೆ. ಮನೆಯ ಹಿರಿಯರು ಸಿಟ್ಟಾಗುವುದು ಇದಕ್ಕೇ.

786 ಹಾಕಬಹುದೇ?

ಅರಬ್ಬಿ ಅಕ್ಷರಗಳಿಗೆ ಸಂಖ್ಯೆಯ ಬೆಲೆಯಿದೆ. ‘ಬಿಸ್ಮಿಲ್ಲಾ’ ವಾಕ್ಯದ ಅಕ್ಷರಗಳನ್ನು ಕೂಡಿದರೆ 786 ಬರುತ್ತದೆ ಎಂಬ ಲೆಕ್ಕ. ‘ಅಲ್ಲಾಹ್’ ಪದದ್ದು 1, 30, 30, 5, ಒಟ್ಟು 66. ಪವಿತ್ರ ವಾಕ್ಯವಿರುವ ಕಾಗದ ಕಸಕ್ಕೆ ಬೀಳದಿರಲಿ ಎಂದು ಸಂಖ್ಯೆ ಬರೆಯುವ ರೂಢಿ ನಮ್ಮ ಉಪಖಂಡದಲ್ಲಿ ಬೆಳೆದಿದೆ. ಇದಕ್ಕೆ ಧರ್ಮದ ಆಧಾರವಿಲ್ಲ ಎನ್ನುವ ಉಲೇಮಾಗಳೂ (ಧರ್ಮಪಂಡಿತರು) ಇದ್ದಾರೆ. ಮನೆಯವರನ್ನು ಕೇಳಿಯೇ ಹಾಕಿ. ಅರ್ಧಚಂದ್ರ ಮತ್ತು ನಕ್ಷತ್ರಕ್ಕೆ ಹೆಸರು ಬಂದದ್ದು ಆಟೊಮನ್ ತುರ್ಕರ ಬಾವುಟದಿಂದ. ಕುರಾನಿನಲ್ಲಿ ಚಂದ್ರ ಕಾಲ ಅಳೆಯುವುದಕ್ಕಿದ್ದಾನೆಯೇ ಹೊರತು ಧರ್ಮದ ಲಾಂಛನವಾಗಿ ಅಲ್ಲ.

ಶಿಲುಬೆಯಲ್ಲಿ ಏನೇನು ತಪ್ಪಾಗುತ್ತದೆ?

ಅಳತೆ ಮೊದಲು. ನಡುವೆ ಒಂದು ಚೌಕ, ಮೇಲೆ ಎರಡು, ಎಡಬಲ ಎರಡೆರಡು, ಕೆಳಗೆ ನಾಲ್ಕು. ಎತ್ತರ ಏಳು, ಅಗಲ ಐದು. ಕೆಳಗಿನ ಕಾಲು ಗಿಡ್ಡವಾದರೆ ಔಷಧದಂಗಡಿಯ ಕೂಡು ಚಿಹ್ನೆಯಂತೆ ಕಾಣುತ್ತದೆ. ತೋರಣಕ್ಕೆ ಪೋಣಿಸುವ ಕಾಗದದ ಶಿಲುಬೆಗೆ ತೂತು ಮೇಲ್ತುದಿಯಲ್ಲೇ ಇರಲಿ, ತಲೆಕೆಳಗಾಗಿ ನೇತಾಡಿದರೆ ಆಭಾಸ.

ಯೇಸುವಿನ ದೇಹವಿರುವ ಶಿಲುಬೆ ಮುಖ್ಯವಾಗಿ ಕೆಥೋಲಿಕರದು. ಅದರ ನೆತ್ತಿಯ ಪಟ್ಟಿಯಲ್ಲಿ ‘ಐ, ಎನ್, ಆರ್, ಐ’ ಎಂಬ ನಾಲ್ಕು ಲ್ಯಾಟಿನ್ ಅಕ್ಷರ ಇರುತ್ತವೆ: ನಜರೇತಿನ ಯೇಸು, ಯೆಹೂದಿಗಳ ಅರಸ. ಪ್ರೊಟೆಸ್ಟಂಟರದು ಸಾಮಾನ್ಯವಾಗಿ ಬರಿಯ ಶಿಲುಬೆ. ರಷ್ಯದ ಆರ್ಥೊಡಾಕ್ಸ್ ಶಿಲುಬೆಗೆ ಮೂರು ಅಡ್ಡಪಟ್ಟಿ. ಕೆಳಗಿನದು ಓರೆ, ನೋಡುವವರ ಎಡಕ್ಕೆ ಎತ್ತರ. ಶಿವಮೊಗ್ಗದ ದೊಡ್ಡ ಚರ್ಚಿನ ಹೆಸರಿನಲ್ಲಿರುವ ಪವಿತ್ರ ಹೃದಯವನ್ನು ಬರೆಯುವುದಾದರೆ ಭಾಗಗಳು ಐದು: ಹೃದಯ, ಪಕ್ಕೆಯ ಗಾಯ, ಸುತ್ತ ಮುಳ್ಳಿನ ಕಿರೀಟ, ಮೇಲೆ ಜ್ವಾಲೆ, ಜ್ವಾಲೆಯೊಳಗೆ ಪುಟ್ಟ ಶಿಲುಬೆ. ಮುಳ್ಳು ಬಿಟ್ಟು ಬರೆದರೆ ಪ್ರೇಮಪತ್ರದ ಹೃದಯವಾಗುತ್ತದೆ.

ಹೆಸರಿನಲ್ಲೂ ವ್ಯತ್ಯಾಸವಿದೆ. ಕನ್ನಡ ಪ್ರೊಟೆಸ್ಟಂಟರ ಹಳೆಯ ಬೈಬಲ್ಲಿನಲ್ಲಿ ‘ಯೆಹೋವನು’, ಕೆಥೋಲಿಕರ ಬೈಬಲ್ಲಿನಲ್ಲಿ ‘ಸರ್ವೇಶ್ವರ’. ವಾಕ್ಯ ಒಂದು ಅನುವಾದದ್ದು, ಹೆಸರು ಇನ್ನೊಂದರದ್ದು ಎಂದು ಬೆರೆಸಬೇಡಿ.

‘ಯೆಹೋವ’ ಎಂಬುದನ್ನು ಯೆಹೂದಿಗಳು ಹೇಳುವುದೇ ಇಲ್ಲವಂತೆ, ಹೌದೇ?

ಹೌದು. ಮೂಲದಲ್ಲಿರುವುದು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನ. ಓದುವಾಗ ಅದರ ಬದಲು ‘ಅದೋನಾಯ್’ ಎನ್ನುತ್ತಾರೆ, ಮಾತಿನಲ್ಲಿ ‘ಹಾಶೆಮ್’, ಅಂದರೆ ‘ಆ ಹೆಸರು’. ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಎನ್ನುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಅದೋನಾಯ್ ಪದದ ಸ್ವರಗಳನ್ನು ಆ ನಾಲ್ಕು ವ್ಯಂಜನಗಳ ಮೇಲೆ ಕೂರಿಸಿ ಓದಿದ್ದರಿಂದ ‘ಯೆಹೋವ’ ಹುಟ್ಟಿತು. ಎಚ್ಚರ ಎಷ್ಟೆಂದರೆ, ಹೀಬ್ರೂ ಅಕ್ಷರಗಳಲ್ಲಿ 15 ಬರೆಯಲು 10 ಮತ್ತು 5 ಬಳಸಿದರೆ ಆ ಹೆಸರಿನ ತುಣುಕಾಗುತ್ತದೆಂದು 9 ಮತ್ತು 6 ಬರೆಯುತ್ತಾರೆ. 16ಕ್ಕೆ 9 ಮತ್ತು 7. ಕೆಥೋಲಿಕ್ ಪೂಜೆಯಲ್ಲೂ ಆ ನಾಲ್ಕಕ್ಷರವನ್ನು ಉಚ್ಚರಿಸಬಾರದೆಂದು 2008ರಲ್ಲಿ ವ್ಯಾಟಿಕನ್ ಸೂಚನೆ ಕೊಟ್ಟಿತು. ಫಲಕಕ್ಕೆ ಗುರುತು ಬೇಕಿದ್ದರೆ ಏಳು ಕವಲಿನ ದೀಪಸ್ತಂಭ ಬರೆಯಿರಿ. ಆರು ಮೂಲೆಯ ನಕ್ಷತ್ರಕ್ಕಿಂತ ಅದು ಹಳೆಯದು.

ಹುಂಚದ ಪದ್ಮಾವತಿಯೂ ತಿರುಪತಿಯ ಪದ್ಮಾವತಿಯೂ ಒಬ್ಬರೇ?

ಅಲ್ಲ. ಹುಂಚದವಳು ಜೈನರ 23ನೇ ತೀರ್ಥಂಕರ ಪಾರ್ಶ್ವನಾಥನ ಯಕ್ಷಿ, ಅಂದರೆ ಕಾವಲು ದೇವತೆ. ತಿರುಪತಿಯವಳು ವೆಂಕಟೇಶ್ವರನ ಮಡದಿ. ಬ್ಯಾನರಿಗೆ ಚಿತ್ರ ಇಳಿಸಿಕೊಳ್ಳುವಾಗ ಆಗುವ ಅದಲುಬದಲು ಇದು; ತಲೆಯ ಮೇಲೆ ಹಾವಿನ ಹೆಡೆ ಇದೆಯೇ ನೋಡಿ, ಇದ್ದರೆ ಹುಂಚದವಳು. ತೀರ್ಥಂಕರರ ಮೂರ್ತಿಗಳು ಒಂದೇ ತರಹ ಕಾಣುತ್ತವೆ, ಗುರುತು ಹಿಡಿಯುವುದು ಪೀಠದ ಲಾಂಛನದಿಂದ: ಎತ್ತು ಆದಿನಾಥನಿಗೆ, ಜಿಂಕೆ ಶಾಂತಿನಾಥನಿಗೆ, ಶಂಖ ನೇಮಿನಾಥನಿಗೆ, ಹಾವು ಪಾರ್ಶ್ವನಾಥನಿಗೆ, ಸಿಂಹ ಮಹಾವೀರನಿಗೆ. ಜೈನ ಸ್ವಸ್ತಿಕದ ಮೇಲೆ ಮೂರು ಚುಕ್ಕೆ, ಅದರ ಮೇಲೆ ಅರ್ಧಚಂದ್ರ, ಅದರೊಳಗೆ ಒಂದು ಚುಕ್ಕೆ ಇರುತ್ತದೆ. ಬಿಟ್ಟರೆ ಅರ್ಥವೇ ಹೋಯಿತು, ಆ ಮೂರು ಚುಕ್ಕೆಗಳೇ ರತ್ನತ್ರಯ: ಸರಿಯಾದ ನಂಬಿಕೆ, ಅರಿವು, ನಡತೆ.

ವಚನ ಬರೆಸುವಾಗ ಅಂಕಿತ ಬಿಟ್ಟರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಅಂಕಿತವೇ ಅಲ್ಲಿ ದೇವರ ಹೆಸರು. ಬಳ್ಳಿಗಾವಿಯ ಅಲ್ಲಮನದು ‘ಗುಹೇಶ್ವರ’, ಕೆಲವು ಪಾಠಗಳಲ್ಲಿ ‘ಗೊಹೇಶ್ವರ’. ಉಡುತಡಿಯ ಅಕ್ಕನದು ‘ಚೆನ್ನಮಲ್ಲಿಕಾರ್ಜುನ’. ಸತ್ಯಕ್ಕನದು ‘ಶಂಭುಜಕ್ಕೇಶ್ವರ’. ಮೂವರೂ ಶಿಕಾರಿಪುರ ಸೀಮೆಯವರು. ಜಾಗ ಸಾಲದಿದ್ದರೆ ಸಣ್ಣ ವಚನ ಆರಿಸಿ. ಇಷ್ಟಲಿಂಗದ ಚಿತ್ರದ ಬದಲು ಗುಡಿಯ ಪಾಣಿಪೀಠದ ಶಿವಲಿಂಗ ಹಾಕುವುದೂ ತಪ್ಪು. ಇಷ್ಟಲಿಂಗ ಅಂಗೈ ಮೇಲೆ ಕೂರುವ, ಕಪ್ಪು ಲೇಪದ ದುಂಡು.

ಬಳ್ಳಿಗಾವಿಯ ಶಾಸನಗಳಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರ ನೆಲೆಗಳ ಮಾತಿದೆ, ಬೌದ್ಧ ವಿಹಾರ ಕಟ್ಟಿಸಿದ್ದು 1065ರಲ್ಲಿ. ಸರ್ವಧರ್ಮ ಫಲಕಕ್ಕೆ ಸ್ಥಳೀಯ ಉದಾಹರಣೆ ಹುಡುಕುವ ಮೇಷ್ಟ್ರುಗಳಿಗೆ ಇದಕ್ಕಿಂತ ಬೇರೇನು ಬೇಕು?

ಶಂಖ ಎಡಕ್ಕೋ ಬಲಕ್ಕೋ?

ವಿಷ್ಣುವಿನ ಬಲಗೈಯಲ್ಲಿ ಚಕ್ರ, ಎಡಗೈಯಲ್ಲಿ ಶಂಖ. ಹಾಗಾಗಿ ನೋಡುವವರಿಗೆ ಚಕ್ರ ಎಡಕ್ಕೆ, ಶಂಖ ಬಲಕ್ಕೆ, ನಡುವೆ ನಾಮ. ಶ್ರೀಚಕ್ರವನ್ನು ಅಲಂಕಾರಕ್ಕೆಂದು ಕಾರ್ಡಿನಲ್ಲಿ ಹಾಕದಿರುವುದೇ ಒಳ್ಳೆಯದು. ಹಾಕಲೇಬೇಕಿದ್ದರೆ ಎಣಿಸಿ: ಮೇಲ್ಮುಖ ತ್ರಿಕೋನ ನಾಲ್ಕು, ಕೆಳಮುಖ ಐದು, ಅವು ಹೆಣೆದು ಆಗುವ ಸಣ್ಣ ತ್ರಿಕೋನ 43.

ಸಿಖ್, ಬೌದ್ಧ, ಪಾರ್ಸಿ, ಬಹಾಯಿ?

ಸಿಖ್ಖರ ‘ಇಕ್ ಓಂಕಾರ್’ ಗುರುಮುಖಿಯ 1 ಅಂಕಿಯಿಂದ ಶುರುವಾಗುತ್ತದೆ, ಅಂಕಿ ಬಿಟ್ಟರೆ ಅದು ಅದಲ್ಲ. ಖಂಡಾ ಚಿಹ್ನೆಯಲ್ಲಿ ನಡುವೆ ಇಬ್ಬಾಯಿ ಕತ್ತಿ, ಸುತ್ತ ಚಕ್ರ, ಹೊರಗೆ ಎರಡು ಕಿರ್ಪಾಣ್. ಧರ್ಮಚಕ್ರಕ್ಕೆ ಸಾಮಾನ್ಯವಾಗಿ 8 ಅರ, ರಾಷ್ಟ್ರಧ್ವಜದ ಅಶೋಕಚಕ್ರಕ್ಕೆ 24. ಒಂದರ ಬದಲು ಇನ್ನೊಂದು ಬೇಡ. ಪಾರ್ಸಿಗಳು ಅಹುರ ಮಜ್ದನಿಗೆ ವಿಗ್ರಹ ಮಾಡುವುದಿಲ್ಲ, ಅಗ್ನಿಕುಂಡ ಬರೆದರೆ ಸಾಕು. ಬಹಾಯಿಗಳದು ಒಂಬತ್ತು ಮೂಲೆಯ ನಕ್ಷತ್ರ. ಅರಬ್ಬಿ ಲೆಕ್ಕದಲ್ಲಿ ‘ಬಹಾ’ ಪದದ ಅಕ್ಷರಗಳ ಬೆಲೆ 9.

ನಮ್ಮೂರಿನ ಚೌಡಿಗೆ, ಭೂತಪ್ಪನಿಗೆ ಯಾವ ಚಿಹ್ನೆ ಹಾಕುವುದು?

ಯಾವುದೂ ಬೇಡ. ಕಾನಿನಂಚಿನ ಮರದ ಬುಡದಲ್ಲಿ ಉಳಿ ಮುಟ್ಟದ ಕಲ್ಲು, ಕುಂಕುಮ, ಎಲ್ಲೋ ಒಂದು ತ್ರಿಶೂಲ. ಕಲ್ಲೇ ದೇವರು, ಕಲ್ಲೇ ಗುರುತು. ಅದರ ಮೇಲೆ ಟೈಲ್ಸ್ ಕೂರಿಸಿ ಓಂಕಾರ ಅಂಟಿಸುವುದು ಈಗಿನ ಚಾಳಿ. ಚೌಡಿಯನ್ನು ನಂಬುವವರು ಕೇಳಿದ್ದಲ್ಲ ಅದು, ಗುತ್ತಿಗೆದಾರರ ಉತ್ಸಾಹ.

ಗುರುತೇ ಬೇಕೆನ್ನುವವರು ಸಾಗರ, ಸೊರಬದ ದೀವರು ಎಂಬ ಸಮುದಾಯದ ಮನೆಗಳ ಭೂಮಣ್ಣಿ ಬುಟ್ಟಿಯನ್ನು ನೋಡಬೇಕು. ಆಶ್ವಯುಜದ ಭೂಮಿ ಹುಣ್ಣಿಮೆಗೆ ಬಸುರಿ ಭೂಮ್ತಾಯಿಗೆ ಬಯಕೆಯೂಟ ಒಯ್ಯುವ ಬುಟ್ಟಿ ಅದು. ಬಿದಿರಿನ ಬುಟ್ಟಿಗೆ ಮೊದಲು ಸೆಗಣಿ ಬಳಿದು ಸಂದು ಮುಚ್ಚುತ್ತಾರೆ, ಒಣಗಿದ ಮೇಲೆ ಕೆಮ್ಮಣ್ಣು. ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಹಿಟ್ಟು ತೆಳುವಾದರೆ ಗೆರೆ ಹರಡುತ್ತದೆ, ದಪ್ಪವಾದರೆ ಒಣಗಿ ಉದುರುತ್ತದೆ. ಕೆಮ್ಮಣ್ಣು ಪೂರ್ತಿ ಆರುವ ಮೊದಲು ಬರೆದರೆ ಬಿಳಿ ಕೆಂಪಗಾಗುತ್ತದೆ. ಗೆರೆಗಳಲ್ಲಿ ಭತ್ತದ ಸಸಿ, ಎತ್ತು, ಏಣಿ ಎಲ್ಲ ಇರುತ್ತವೆ, ದೇವಿಯ ಮುಖ ಇರುವುದಿಲ್ಲ. ಬೆಳಕು ಹರಿಯುವ ಮೊದಲು ಗದ್ದೆಗೆ ಹೋಗಿ, ನೂರೊಂದು ಕುಡಿಯ ಸೊಪ್ಪು ಬೆರೆಸಿದ ಅಚ್ಚಂಬಲಿಯನ್ನು ಬೀರುತ್ತಾ ಕೂಗಿ ಕರೆಯುತ್ತಾರೆ.

ಯಾವ ಧರ್ಮದ ಚಿಹ್ನೆ ಮೊದಲು ಬರಬೇಕು? ಬಣ್ಣ ಮಳೆಗೆ ಏಳದಂತೆ ಏನು ಮಾಡಬೇಕು?

ವೃತ್ತದಲ್ಲಿ ಜೋಡಿಸಿ, ಇಲ್ಲವೇ ಧರ್ಮದ ಹೆಸರಿನ ಕನ್ನಡ ಅಕ್ಷರಾನುಕ್ರಮ ಹಿಡಿಯಿರಿ. ವರ್ಣಮಾಲೆಯ ಜತೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಎಲ್ಲಕ್ಕೂ ಒಂದೇ ಅಳತೆಯ ಚೌಕಟ್ಟು, ಒಂದೇ ದಪ್ಪದ ಗೆರೆ. ಹತ್ತಡಿ ದೂರಕ್ಕೆ ಒಂದಿಂಚು ಅಕ್ಷರ ಎಂಬುದು ಪೇಂಟರುಗಳ ಲೆಕ್ಕ. 30 ಅಡಿಯಿಂದ ಓದಬೇಕಾದರೆ ಮೂರಿಂಚು.

ಜಂಬಿಟ್ಟಿಗೆ ಗೋಡೆಗೆ ನೇರವಾಗಿ ಎನಾಮೆಲ್ ಬೇಡ. ಕಲ್ಲು ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ, ಬಿಸಿಲಿಗೆ ಆ ನೀರು ಹೊರಗೆ ಬರುವಾಗ ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ, ಗುಳ್ಳೆಯೆದ್ದು ಸಿಪ್ಪೆ ಕಳಚುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳಗೆ, ಗೋಡೆ ಒಣಗಿದ ಮೇಲೆ ಕೆಲಸ ಮಾಡಿ. ಹೊಸ ಸಿಮೆಂಟ್ ಗಿಲಾವಿಗೆ 28 ದಿನ ಬಿಡಿ. ಆಗುಂಬೆ, ಹೊಸನಗರದ ಮಳೆಗೆ ಇದೂ ತಡೆಯದು. ಗ್ರಾನೈಟ್ ಹಲಗೆಯಲ್ಲಿ ಕೆತ್ತಿಸಿ, ಗೋಡೆಯಿಂದ ಅರ್ಧ ಇಂಚು ಬಿಟ್ಟು ಸ್ಟೀಲ್ ಸ್ಕ್ರೂನಲ್ಲಿ ನಿಲ್ಲಿಸಿ. ಸಂದಿನಲ್ಲಿ ಗಾಳಿಯಾಡಿದರೆ ಪಾಚಿ ಕಡಿಮೆ.

ದೇವರ ಚಿತ್ರವಿರುವ ಹಳೆಯ ಕಾರ್ಡು, ಕ್ಯಾಲೆಂಡರ್ ಏನು ಮಾಡುವುದು?

ತುಂಗೆಗೆ ಬಿಡಬೇಡಿ. ಹಿಂದಿನ ಕಾಗದ ಕರಗುತ್ತಿತ್ತು, ಈಗಿನ ಲ್ಯಾಮಿನೇಷನ್ ಕರಗುವುದಿಲ್ಲ, ಮುಂದಿನ ಊರಿನ ಮೆಟ್ಟಿಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಅರಳಿಕಟ್ಟೆಯಲ್ಲಿ ಫೋಟೊ ಇಟ್ಟುಬಂದರೆ ಗಾಜು ಒಡೆದು ಯಾರದೋ ಕಾಲಿಗೆ ನೆಡುತ್ತದೆ. ಗಾಜು, ಮೊಳೆ, ಚೌಕಟ್ಟು ಬೇರ್ಪಡಿಸಿ. ಬರಿ ಕಾಗದವನ್ನು ಬಕೆಟ್ ನೀರಿನಲ್ಲಿ ಎರಡು ದಿನ ನೆನೆಸಿ, ಕಿವುಚಿ, ಗಿಡದ ಬುಡಕ್ಕೆ ಹಾಕಿ. ಕುರಾನಿನ ವಾಕ್ಯವಿರುವ ಹಾಳೆಯನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಜನ ತುಳಿಯದ ಕಡೆ ಹೂಳುತ್ತಾರೆ. ಕೆಥೋಲಿಕರು ಮಂತ್ರಿಸಿದ ವಸ್ತುಗಳನ್ನು ಸುಡುತ್ತಾರೆ ಇಲ್ಲವೇ ಹೂಳುತ್ತಾರೆ. ಸಿಖ್ಖರು ಹಳೆಯ ಗುರುಗ್ರಂಥಕ್ಕೆ ಅಗ್ನಿಸಂಸ್ಕಾರ ಮಾಡುತ್ತಾರೆ. ಯೆಹೂದಿಗಳು ದೇವರ ಹೆಸರಿರುವ ಹಾಳೆಗಳನ್ನು ಒಂದು ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಹೂಳುತ್ತಾರೆ. ಕೈರೋದ ಹಳೆಯ ಸಿನಗಾಗಿನಲ್ಲಿ ಹಾಗೆ ಕೂಡಿಟ್ಟದ್ದು ಹೂಳದೆ ಉಳಿದು, ನೂರಾರು ವರ್ಷಗಳ ಸಾಲಪತ್ರ, ಮದುವೆಪತ್ರ, ಮಲಬಾರಿನ ಮೆಣಸಿನ ವ್ಯಾಪಾರದ ಕಾಗದಗಳೆಲ್ಲ ಇತಿಹಾಸಕಾರರ ಕೈಗೆ ಸಿಕ್ಕವು.